ಹಳೆಯ ಗಣಕದಲ್ಲಿ ಮ್ಯಾಕ್: ಸಾಧ್ಯವೇ? ಸರಿಯೇ?

ಪಾಠ ಪ್ರವೇಶ

ಒಂದು ಗಣಕಯಂತ್ರ ಹಳತಾಯಿತು ಎಂದು ನಾವು ಯಾವಾಗ ಹೇಳುತ್ತೇವೆ? ಅದು ಕೆಟ್ಟು ನಿಂತಾಗಲೇ? ಅಥವಾ ಅದರೊಳಗಿನ ತಂತ್ರಾಂಶವನ್ನು ತಯಾರಿಸಿದವರು 'ಇನ್ನು ನಮ್ಮಿಂದಾಗದು' ಎಂದಾಗಲೇ? ಒಂದು ಕಂಪೆನಿಯ ಯಂತ್ರದಲ್ಲಿ ಮತ್ತೊಂದು ಕಂಪೆನಿಯ ವ್ಯವಸ್ಥೆಯನ್ನು ನಡೆಸಲು ಹೊರಟವರ ಪ್ರಯತ್ನವನ್ನು ಈ ಪಾಠ ಪರಿಚಯಿಸುತ್ತದೆ. ಓದುತ್ತಾ ಹೋದಂತೆ ಗಣಕಯಂತ್ರ ಹೇಗೆ ಎಚ್ಚರಗೊಳ್ಳುತ್ತದೆ ಎಂಬುದನ್ನೂ ನೀವು ತಿಳಿಯುವಿರಿ.

ವಿದ್ಯಾರ್ಥಿಗಳೇ,

ಪೇಟೆಯ ಕಂಪ್ಯೂಟರ್ ಅಂಗಡಿಗಳಲ್ಲಿ 'ರಿಫರ್ಬಿಶ್ಡ್' ಎಂಬ ಚೀಟಿ ಅಂಟಿಸಿದ ಯಂತ್ರಗಳನ್ನು ನೀವು ನೋಡಿರಬಹುದು. ರಿಫರ್ಬಿಶ್ಡ್ ಎಂದರೆ ನವೀಕರಿಸಿದ್ದು ಎಂದರ್ಥ. ದೊಡ್ಡ ಕಚೇರಿಗಳು ಕೆಲವು ವರ್ಷ ಬಳಸಿದ ಮೇಲೆ ತಮ್ಮ ಗಣಕಯಂತ್ರಗಳನ್ನು ಒಟ್ಟಾಗಿ ಮಾರಿಬಿಡುತ್ತವೆ. ಅವುಗಳನ್ನು ಕೊಂಡವರು ಧೂಳು ತೆಗೆದು, ಸವೆದ ಭಾಗಗಳನ್ನು ಬದಲಿಸಿ, ಪರೀಕ್ಷಿಸಿ, ಕಡಿಮೆ ಬೆಲೆಗೆ ಮತ್ತೆ ಮಾರುತ್ತಾರೆ.

ಇಂತಹ ಒಂದು ಯಂತ್ರವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಡೆಲ್ ಕಂಪೆನಿಯ ಆಪ್ಟಿಪ್ಲೆಕ್ಸ್ 7010 ಎಂಬ ಮೇಜಿನ ಗಣಕ 2012ರಲ್ಲಿ ಮಾರುಕಟ್ಟೆಗೆ ಬಂತು. ಅದರ ಮಿದುಳು ಇಂಟೆಲ್ ಕಂಪೆನಿಯ ಮೂರನೆಯ ತಲೆಮಾರಿನ ಪ್ರೊಸೆಸರ್. ಅದೇ ವರ್ಷ ಅಮೆರಿಕದ ಆಪಲ್ ಕಂಪೆನಿ ಐಮ್ಯಾಕ್ ಎಂಬ ತನ್ನ ಗಣಕದ ಹೊಸ ಮಾದರಿಯನ್ನು ಹೊರತಂದಿತು. ಅದರ ಒಳಗಿದ್ದುದೂ ಇಂಟೆಲ್‌ನ ಅದೇ ತಲೆಮಾರಿನ ಪ್ರೊಸೆಸರ್! ಹೊರಗಿನ ಪೆಟ್ಟಿಗೆಯ ಅಂದದಲ್ಲಿ ಅಜಗಜಾಂತರ. ಒಳಗೆ ಮಾತ್ರ ಎರಡೂ ಹತ್ತಿರದ ಬಂಧುಗಳು.

ಹಾಗಿದ್ದರೆ ಐಮ್ಯಾಕ್‌ನಲ್ಲಿ ನಡೆಯುವ ಮ್ಯಾಕ್ ಓಎಸ್ ಆ ಹಳೆಯ ಡೆಲ್ ಪೆಟ್ಟಿಗೆಯಲ್ಲೂ ನಡೆಯಬಾರದೇಕೆ? ಈ ಪ್ರಶ್ನೆ ಜಗತ್ತಿನ ಅನೇಕರನ್ನು ಕಾಡಿತು. ಕೆಲವರು ಅದನ್ನು ಮಾಡಿಯೂ ತೋರಿಸಿದರು. ಹೀಗೆ ಮ್ಯಾಕ್ ಓಎಸ್ ನಡೆಸುವ ಬೇರೆ ಕಂಪೆನಿಯ ಗಣಕಕ್ಕೆ 'ಹ್ಯಾಕಿಂತೋಷ್' ಎಂಬ ಹೆಸರು ಬಿತ್ತು. 'ಹ್ಯಾಕ್' ಮತ್ತು 'ಮೆಕಿಂತೋಷ್' ಎಂಬ ಎರಡು ಪದಗಳು ಸೇರಿ ಆದ ಹೆಸರು ಇದು.

ಪೆಟ್ಟಿಗೆ ಬೇರೆ, ವ್ಯವಸ್ಥೆ ಬೇರೆ

ಗಣಕಯಂತ್ರದಲ್ಲಿ ನಾವು ಮುಟ್ಟಬಹುದಾದ ಭಾಗಗಳು ಯಂತ್ರಾಂಶ. ಆ ಯಂತ್ರಾಂಶಕ್ಕೆ ಏನು ಮಾಡಬೇಕೆಂದು ಹೇಳುವ ಸೂಚನೆಗಳ ಸಮೂಹ ತಂತ್ರಾಂಶ. ತಂತ್ರಾಂಶಗಳಲ್ಲೆಲ್ಲ ಹಿರಿಯ ಸ್ಥಾನ ಕಾರ್ಯಾಚರಣಾ ವ್ಯವಸ್ಥೆಗೆ. ಕೀಲಿಮಣೆಯಿಂದ ಅಕ್ಷರವನ್ನು ಸ್ವೀಕರಿಸುವುದು, ಪರದೆಯ ಮೇಲೆ ಚಿತ್ರ ಮೂಡಿಸುವುದು, ಕಡತವನ್ನು ಡಿಸ್ಕ್‌ನಲ್ಲಿ ಜೋಪಾನ ಮಾಡುವುದು, ಇವೆಲ್ಲ ಅದರ ಹೊಣೆ. ವಿಂಡೋಸ್, ಲಿನಕ್ಸ್, ಮ್ಯಾಕ್ ಓಎಸ್ ಇವು ಮೂರೂ ಕಾರ್ಯಾಚರಣಾ ವ್ಯವಸ್ಥೆಗಳೇ.

ಐಬಿಎಂ ಕಂಪೆನಿ 1981ರಲ್ಲಿ ತನ್ನ ಪಿಸಿಯನ್ನು ಹೊರತಂದಾಗ ಮಾರುಕಟ್ಟೆಯಲ್ಲಿ ಸಿಗುವ ಬಿಡಿಭಾಗಗಳನ್ನೇ ಹೆಚ್ಚಾಗಿ ಬಳಸಿತು. ಆದ್ದರಿಂದ ಕಾಂಪ್ಯಾಕ್ ಮೊದಲಾದ ಬೇರೆ ಕಂಪೆನಿಗಳೂ ಅದಕ್ಕೆ ಹೊಂದುವ ಗಣಕಗಳನ್ನು ತಯಾರಿಸತೊಡಗಿದವು. ಪಿಸಿ ಯಾರೊಬ್ಬರ ಸೊತ್ತಾಗಿಯೂ ಉಳಿಯಲಿಲ್ಲ.

ಆಪಲ್‌ನ ದಾರಿ ಬೇರೆ. 1984ರಲ್ಲಿ ಮೆಕಿಂತೋಷ್ ಬಂದಾಗ ಪೆಟ್ಟಿಗೆಯೂ ಅದರದೇ, ವ್ಯವಸ್ಥೆಯೂ ಅದರದೇ. 1995ರಲ್ಲಿ ಆಪಲ್ ಇತರ ಕೆಲವು ಕಂಪೆನಿಗಳಿಗೆ ಮ್ಯಾಕ್ ಮಾದರಿಯ ಗಣಕ ತಯಾರಿಸಲು ಪರವಾನಗಿ ಕೊಟ್ಟಿತು. ಆದರೆ ಸ್ಟೀವ್ ಜಾಬ್ಸ್ ಮರಳಿ ಬಂದ 1997ರಲ್ಲಿ ಆ ಪದ್ಧತಿಯನ್ನು ನಿಲ್ಲಿಸಲಾಯಿತು. ಎರಡನ್ನೂ ಒಬ್ಬರೇ ತಯಾರಿಸಿದರೆ ಪರಸ್ಪರ ಹೊಂದಾಣಿಕೆ ಚೆನ್ನಾಗಿರುತ್ತದೆ ಎಂಬುದು ಆಪಲ್‌ನ ನಿಲುವು. ಅದರಲ್ಲಿ ಸತ್ಯವಿದೆ. ಆದರೆ ಬಳಸುವವರಿಗೆ ಆಯ್ಕೆ ಕಡಿಮೆ ಎಂಬುದೂ ಸತ್ಯವೇ.

2005ರ ತಿರುವು

ಮೊದಲು ಮ್ಯಾಕ್ ಮತ್ತು ಪಿಸಿಗಳ ಪ್ರೊಸೆಸರುಗಳೇ ಬೇರೆಯಾಗಿದ್ದವು. ಮ್ಯಾಕ್‌ನಲ್ಲಿ ಮೊದಲು ಮೊಟೊರೊಲಾ ಕಂಪೆನಿಯ ಪ್ರೊಸೆಸರ್, 1994ರಿಂದ ಪವರ್‌ಪಿಸಿ. ಪಿಸಿಗಳಲ್ಲಿ ಇಂಟೆಲ್ ಮಾದರಿಯವು. ಪ್ರತಿಯೊಂದು ಪ್ರೊಸೆಸರ್ ಕುಟುಂಬಕ್ಕೂ ತನ್ನದೇ ಆದ ಆಜ್ಞೆಗಳ ಭಾಷೆಯಿದೆ. ತುಳು ಮಾತ್ರ ಬಲ್ಲವರಿಗೆ ತಮಿಳಿನಲ್ಲಿ ಬರೆದ ಪತ್ರ ಕೊಟ್ಟರೆ ಹೇಗೋ ಹಾಗೆ, ಒಂದರ ತಂತ್ರಾಂಶ ಇನ್ನೊಂದಕ್ಕೆ ಅರ್ಥವಾಗುವುದಿಲ್ಲ.

2005ರ ಜೂನಿನಲ್ಲಿ ಸ್ಟೀವ್ ಜಾಬ್ಸ್ ಒಂದು ಘೋಷಣೆ ಮಾಡಿದರು: ಮ್ಯಾಕ್‌ಗಳೂ ಇನ್ನು ಮುಂದೆ ಇಂಟೆಲ್ ಪ್ರೊಸೆಸರುಗಳನ್ನು ಬಳಸಲಿವೆ. 2006ರ ಜನವರಿಯಲ್ಲಿ ಅಂತಹ ಮೊದಲ ಮ್ಯಾಕ್‌ಗಳು ಬಂದವು. ಮ್ಯಾಕ್ ಓಎಸ್ ಈಗ ಪಿಸಿಯ ಭಾಷೆಯಲ್ಲೇ ಮಾತನಾಡತೊಡಗಿತು. ಹ್ಯಾಕಿಂತೋಷ್‌ನ ಕತೆ ಆರಂಭವಾದುದು ಇಲ್ಲಿಂದ.

ಬೀಗ ಮತ್ತು ಕೀಲಿ

ಭಾಷೆ ಒಂದೇ ಆದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಗಣಕಯಂತ್ರದ ಗುಂಡಿ ಒತ್ತಿದಾಗ ಏನೇನು ನಡೆಯುತ್ತದೆ ಎಂಬುದನ್ನು ಕ್ರಮವಾಗಿ ನೋಡೋಣ.

ಮೊದಲು ಎಚ್ಚರಗೊಳ್ಳುವುದು ಮುಖ್ಯ ಫಲಕದ ಮೇಲಿನ ಚಿಪ್‌ನಲ್ಲಿರುವ ಫರ್ಮ್‌ವೇರ್ ಎಂಬ ಪುಟ್ಟ ತಂತ್ರಾಂಶ. ಅದು ಭಾಗಗಳನ್ನೆಲ್ಲ ಒಮ್ಮೆ ಪರಿಶೀಲಿಸುತ್ತದೆ. ಯಾವ ಭಾಗ ಎಲ್ಲಿದೆ ಎಂಬ ಪಟ್ಟಿಯೊಂದನ್ನೂ ಸಿದ್ಧವಾಗಿಟ್ಟಿರುತ್ತದೆ. ಬಳಿಕ ಅದು ಬೂಟ್‌ಲೋಡರ್ ಎಂಬ ತಂತ್ರಾಂಶವನ್ನು ಕರೆಯುತ್ತದೆ. ಬೂಟ್‌ಲೋಡರ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲನ್ನು ಡಿಸ್ಕ್‌ನಿಂದ ಸ್ಮೃತಿಗೆ ತರುತ್ತದೆ. ಕರ್ನೆಲ್ ಎದ್ದು ಪ್ರತಿ ಭಾಗಕ್ಕೂ ತಕ್ಕ ಚಾಲಕ ತಂತ್ರಾಂಶವನ್ನು ಜೋಡಿಸುತ್ತದೆ. ಕೊನೆಗೆ ಪರದೆಯ ಮೇಲೆ ನಮಗೆ ಪರಿಚಿತವಾದ ಚಿತ್ರ ಮೂಡುತ್ತದೆ.

ಮ್ಯಾಕ್ ಓಎಸ್ ಈ ದಾರಿಯಲ್ಲಿ ಒಂದು ಕಡೆ ನಿಂತು, 'ಇದು ನಿಜವಾಗಿ ಆಪಲ್ ಯಂತ್ರವೇ?' ಎಂದು ಕೇಳುತ್ತದೆ. ಇಂಟೆಲ್ ಮ್ಯಾಕ್‌ಗಳಲ್ಲಿ ಎಸ್‌ಎಂಸಿ ಎಂಬ ನಿಯಂತ್ರಕ ಚಿಪ್ ಇತ್ತು. ಪಂಖದ ವೇಗ, ವಿದ್ಯುತ್ತಿನ ಹದ ಮುಂತಾದುವನ್ನು ನೋಡಿಕೊಳ್ಳುವುದು ಅದರ ಕೆಲಸ. ಅದರೊಳಗೆ ಒಂದು ಗುಪ್ತಪದವನ್ನೂ ಇಡಲಾಗಿತ್ತು. ಫೈಂಡರ್‌ನಂತಹ ಮುಖ್ಯ ತಂತ್ರಾಂಶಗಳು ಗೂಢಲಿಪಿಯಲ್ಲಿದ್ದು, ಆ ಗುಪ್ತಪದ ಸಿಕ್ಕಿದರಷ್ಟೇ ತೆರೆದುಕೊಳ್ಳುತ್ತಿದ್ದವು. ಸಾಮಾನ್ಯ ಪಿಸಿಯಲ್ಲಿ ಆ ಚಿಪ್ ಇಲ್ಲ. ಹಾಗಾಗಿ ಬಾಗಿಲು ಮುಚ್ಚಿಯೇ ಇರುತ್ತದೆ.

ಹ್ಯಾಕಿಂತೋಷ್ ಮಾಡುವವರು ಈ ಬೀಗಕ್ಕೆ ಕೀಲಿ ಹುಡುಕಿದರು. ಆ ಚಿಪ್ ಇದೆಯೆಂದು ನಂಬಿಸುವ ತಂತ್ರಾಂಶವನ್ನು ಬರೆದರು. ಫರ್ಮ್‌ವೇರ್ ಮತ್ತು ಕರ್ನೆಲ್‌ಗಳ ನಡುವೆ ನಿಂತು ವೇಷ ಬದಲಿಸುವ ಬೂಟ್‌ಲೋಡರುಗಳನ್ನು ರೂಪಿಸಿದರು. ಮೊದಲು ಕಮೇಲಿಯನ್, ಅನಂತರ ಕ್ಲೋವರ್, 2019ರಿಂದೀಚೆಗೆ ಓಪನ್‌ಕೋರ್ ಹೆಸರಾದವು. ಓಪನ್‌ಕೋರ್ ಯಂತ್ರದ ಭಾಗಗಳ ಪಟ್ಟಿಯನ್ನು ತಿದ್ದಿ, 'ಈ ಗಣಕ ಒಂದು ಐಮ್ಯಾಕ್' ಎಂಬ ಗುರುತನ್ನು ವ್ಯವಸ್ಥೆಗೆ ಒಪ್ಪಿಸುತ್ತದೆ. ಯಕ್ಷಗಾನದಲ್ಲಿ ವೇಷ ಕಟ್ಟಿದ ಮೇಲೆ ಕಲಾವಿದ ರಂಗದಲ್ಲಿ ಅರ್ಜುನನೇ ಆಗುವಂತೆ, ಡೆಲ್ ಪೆಟ್ಟಿಗೆ ಐಮ್ಯಾಕ್ ಆಗಿ ನಿಲ್ಲುತ್ತದೆ.

ಆದರೆ ವೇಷವಷ್ಟೇ ಸಾಲದು, ಹಾಡಿಗೆ ಹೆಜ್ಜೆಯೂ ಕೂಡಬೇಕು. ಆಪಲ್ ತನ್ನ ಯಂತ್ರಗಳಲ್ಲಿ ಬಳಸಿದ ಭಾಗಗಳಿಗೆ ಮಾತ್ರ ಚಾಲಕ ತಂತ್ರಾಂಶ ಬರೆಯುತ್ತದೆ. ಆಪ್ಟಿಪ್ಲೆಕ್ಸ್ 7010ರಲ್ಲೇ ಇದಕ್ಕೆ ಒಳ್ಳೆಯ ನಿದರ್ಶನವಿದೆ. ಆ ಗಣಕದ ಕೆಲವು ಪ್ರತಿಗಳಲ್ಲಿ ಐ5-3470 ಎಂಬ ಪ್ರೊಸೆಸರ್ ಇದೆ, ಕೆಲವದರಲ್ಲಿ ಐ7-3770. ಐ7ರ ಒಳಗಿರುವ ಚಿತ್ರಭಾಗ ಎಚ್‌ಡಿ 4000. ಇದನ್ನು ಆಪಲ್ ಕೂಡ ಬಳಸಿತ್ತು. ಹಾಗಾಗಿ ಪರದೆಯ ಮೇಲೆ ಚಿತ್ರಗಳು ಸರಾಗವಾಗಿ ಚಲಿಸುತ್ತವೆ. ಐ5-3470ರ ಚಿತ್ರಭಾಗ ಎಚ್‌ಡಿ 2500. ಪರದೆಯ ಮೇಲೆ ಚಿತ್ರ ಮೂಡಿಸಲು ಇದನ್ನು ಯಾವ ಮ್ಯಾಕ್‌ನಲ್ಲೂ ಬಳಸಿರಲಿಲ್ಲ. ಆದ್ದರಿಂದ ಆ ಕೆಲಸಕ್ಕೆ ತಕ್ಕ ಚಾಲಕವೂ ಇದಕ್ಕಿಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದೆ ಕಿಟಕಿಗಳು ಸರಿಯಾಗಿ ಸರಿಯುವುದೂ ಇಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಪೆಟ್ಟಿಗೆ!

ಧ್ವನಿ, ಜಾಲಸಂಪರ್ಕ, ನಿದ್ರಾಸ್ಥಿತಿಯಿಂದ ಏಳುವುದು, ಹೀಗೆ ಒಂದೊಂದನ್ನೂ ಬೇರೆ ಬೇರೆಯಾಗಿ ಹೊಂದಿಸಬೇಕು. ವ್ಯವಸ್ಥೆಯ ಹೊಸ ಆವೃತ್ತಿ ಬಂದಾಗ ಹೊಂದಿಸಿದ್ದು ಮತ್ತೆ ಕದಲಬಹುದು. ಇದರಿಂದ ಅನೇಕರು ಗಣಕಯಂತ್ರದ ಒಳಹೊರಗನ್ನು ಕಲಿತರು ಎಂಬುದು ನಿಜ. ಆದರೆ ಪರೀಕ್ಷೆಯ ಹಿಂದಿನ ದಿನ ನಿಮ್ಮ ಕಡತ ತೆರೆಯಬೇಕಾದ ಯಂತ್ರ ಹೀಗೆ ಅನಿಶ್ಚಿತವಾಗಿದ್ದರೆ ಕಷ್ಟ.

ಎಷ್ಟು ಕಾಲ?

ಹಳೆಯ ಯಂತ್ರಕ್ಕೆ ಹೆಚ್ಚು ಆಯುಷ್ಯ ಸಿಗಲಿ ಎಂಬುದಲ್ಲವೇ ನಮ್ಮ ಆಸೆ? ಆ ದೃಷ್ಟಿಯಿಂದ ನೋಡಿದರೆ ಈ ದಾರಿ ಮುಗಿಯುತ್ತಾ ಬಂದಿದೆ. ಎಚ್‌ಡಿ 4000ರ ಚಾಲಕವನ್ನು ಆಪಲ್ 2021ರ ಮಾಂಟೆರೆ ಆವೃತ್ತಿಯಿಂದ ತೆಗೆದುಹಾಕಿತು. ಆದ್ದರಿಂದ ನಮ್ಮ ಉದಾಹರಣೆಯ ಗಣಕಕ್ಕೆ 2020ರ ಬಿಗ್ ಸರ್ ಆವೃತ್ತಿಯೇ ಸಹಜವಾದ ಕೊನೆಯ ನಿಲ್ದಾಣ.

2020ರಲ್ಲಿ ಇನ್ನೊಂದು ದೊಡ್ಡ ತಿರುವು ಬಂತು. ಆಪಲ್ ಇಂಟೆಲ್ಲನ್ನು ಬಿಟ್ಟು ತಾನೇ ರೂಪಿಸಿದ ಚಿಪ್‌ಗಳಿಗೆ ಹೊರಳಿತು. ಆ ವರ್ಷದ ನವೆಂಬರಿನಲ್ಲಿ ಎಂ1 ಚಿಪ್ ಇರುವ ಮ್ಯಾಕ್‌ಗಳು ಬಂದವು. ಅವುಗಳ ಆಜ್ಞಾಭಾಷೆ ಪಿಸಿಯದಲ್ಲ. ಇಂಟೆಲ್ ಮ್ಯಾಕ್‌ಗಳಿಗೆ ಟಾಹೋ ಎಂಬ, 26 ಎಂಬ ಸಂಖ್ಯೆಯ ಆವೃತ್ತಿಯೇ ಕೊನೆಯದು ಎಂದು 2025ರ ಜೂನಿನಲ್ಲಿ ಆಪಲ್ ತಿಳಿಸಿತು. ಮುಂದಿನ ಆವೃತ್ತಿಗಳಲ್ಲಿ ಪಿಸಿಯ ಭಾಷೆಯೇ ಇಲ್ಲದಾಗ ಎಂತಹ ವೇಷವೂ ನೆರವಾಗದು.

ಸಾಧ್ಯವಾದುದೆಲ್ಲ ಸರಿಯೇ?

ಈಗ ಎರಡನೆಯ ಪ್ರಶ್ನೆಗೆ ಬರೋಣ. ತಂತ್ರಾಂಶವನ್ನು ಬಳಸುವ ಮೊದಲು ನಾವು ಒಂದು ಪರವಾನಗಿ ಒಪ್ಪಂದಕ್ಕೆ 'ಒಪ್ಪಿದ್ದೇನೆ' ಎಂದು ಗುಂಡಿ ಒತ್ತುತ್ತೇವೆ. ಓದಿ ಒತ್ತುವವರು ಎಷ್ಟು ಮಂದಿ? ಮ್ಯಾಕ್ ಓಎಸ್‌ನ ಒಪ್ಪಂದದಲ್ಲಿ ಅದನ್ನು ಆಪಲ್ ಹೆಸರಿನ ಗಣಕಗಳಲ್ಲಿ ಮಾತ್ರ ಸ್ಥಾಪಿಸಬೇಕೆಂಬ ಷರತ್ತಿದೆ. ಹ್ಯಾಕಿಂತೋಷ್ ಆ ಷರತ್ತನ್ನು ಮೀರುತ್ತದೆ.

ಈ ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಅಮೆರಿಕದ ಫ್ಲಾರಿಡಾ ರಾಜ್ಯದ ಸೈಸ್ಟಾರ್ ಎಂಬ ಸಣ್ಣ ಕಂಪೆನಿ 2008ರಲ್ಲಿ ಮ್ಯಾಕ್ ಓಎಸ್ ಹಾಕಿದ ಪಿಸಿಗಳನ್ನು ಮಾರಲು ಮುಂದಾಯಿತು. ಆಪಲ್ ಅದೇ ವರ್ಷ ಜುಲೈಯಲ್ಲಿ ದಾವೆ ಹೂಡಿತು. 'ನಾವು ವ್ಯವಸ್ಥೆಯ ಪ್ರತಿಗಳನ್ನು ದುಡ್ಡು ಕೊಟ್ಟು ಕೊಂಡಿದ್ದೇವೆ' ಎಂಬುದು ಸೈಸ್ಟಾರ್‌ನ ವಾದವಾಗಿತ್ತು. ಆದರೆ ತಂತ್ರಾಂಶವನ್ನು ನಕಲು ಮಾಡಿ, ತಿದ್ದಿ, ಹಂಚಿದ್ದು ಕೃತಿಸ್ವಾಮ್ಯದ ಉಲ್ಲಂಘನೆ ಎಂದು ಕ್ಯಾಲಿಫೋರ್ನಿಯಾದ ನ್ಯಾಯಾಲಯ 2009ರ ನವೆಂಬರಿನಲ್ಲಿ ತೀರ್ಪಿತ್ತಿತು. ಡಿಸೆಂಬರಿನಲ್ಲಿ ಮಾರಾಟಕ್ಕೆ ಶಾಶ್ವತ ತಡೆ ಬಂತು. 2011ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಆಪಲ್‌ನ ಪರವಾಗಿಯೇ ನಿಂತಿತು.

'ನಾನು ಕೊಂಡ ವಸ್ತುವನ್ನು ನನಗೆ ಬೇಕಾದಂತೆ ಬಳಸಬಾರದೇ?' ಎಂದು ನೀವು ಕೇಳಬಹುದು. ಇದು ಯೋಗ್ಯವಾದ ಪ್ರಶ್ನೆ. ಕೊಂಡ ಪೆಟ್ಟಿಗೆ ನಿಮ್ಮದು. ಅದನ್ನು ಬಿಚ್ಚಿ ನೋಡಬಹುದು, ಭಾಗ ಬದಲಿಸಬಹುದು. ತಂತ್ರಾಂಶದ ವಿಷಯದಲ್ಲಿ ಹಾಗಲ್ಲ. ಅಲ್ಲಿ ನಮಗೆ ಸಿಗುವುದು ಷರತ್ತಿನ ಮೇಲೆ ಬಳಸುವ ಅನುಮತಿ ಮಾತ್ರ. ಹೊಲ ಕೊಂಡವನಿಗೂ ಗೇಣಿಗೆ ಪಡೆದವನಿಗೂ ಇರುವ ವ್ಯತ್ಯಾಸವನ್ನು ನೆನಪಿಸಿಕೊಳ್ಳಿ.

'ಮ್ಯಾಕ್ ಓಎಸ್ ಈಗ ಉಚಿತವಲ್ಲವೇ?' ಎಂಬುದು ಮತ್ತೊಂದು ಪ್ರಶ್ನೆ. ಹೌದು, 2013ರ ಮಾವೆರಿಕ್ಸ್ ಆವೃತ್ತಿಯಿಂದ ಆಪಲ್ ಅದಕ್ಕೆ ಬೇರೆಯಾಗಿ ಬೆಲೆ ಕೇಳುವುದಿಲ್ಲ. ಆದರೆ ಉಚಿತ ಬೇರೆ, ಮುಕ್ತ ಬೇರೆ. ಇಂಗ್ಲಿಷಿನಲ್ಲಿ ಈ ಎರಡಕ್ಕೂ 'ಫ್ರೀ' ಎಂಬ ಒಂದೇ ಪದ ಇರುವುದರಿಂದ ಗೊಂದಲವಾಗುತ್ತದೆ. ಕನ್ನಡದಲ್ಲಿ ಆ ತೊಂದರೆಯಿಲ್ಲ. ಬೆಲೆ ಕೊಡಬೇಕಾಗಿಲ್ಲದ್ದು ಉಚಿತ. ಬಳಸಲು, ಅಭ್ಯಸಿಸಲು, ತಿದ್ದಲು, ಹಂಚಲು ಸ್ವಾತಂತ್ರ್ಯವಿರುವುದು ಮುಕ್ತ. ಮ್ಯಾಕ್ ಓಎಸ್‌ನ ಬುಡದಲ್ಲಿರುವ ಡಾರ್ವಿನ್ ಎಂಬ ಭಾಗದ ಮೂಲಸಂಕೇತವನ್ನು ಆಪಲ್ ಹಿಂದೆಯೇ ತೆರೆದಿಟ್ಟಿತು. ಅದರ ಮೇಲೆ ನಿಂತ, ನಮ್ಮ ಕಣ್ಣಿಗೆ ಕಾಣುವ ಭಾಗ ಮಾತ್ರ ಮುಕ್ತವಾಗಿಲ್ಲ.

ಇನ್ನೊಂದು ಎಚ್ಚರಿಕೆಯ ಮಾತಿದೆ. ಯಾರೋ ತಿದ್ದಿ ಸಿದ್ಧಪಡಿಸಿದ ಮ್ಯಾಕ್ ಓಎಸ್ ಪ್ರತಿಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಅವುಗಳಲ್ಲಿ ಏನನ್ನು ಸೇರಿಸಿದ್ದಾರೆಂದು ನಮಗೆ ತಿಳಿಯದು. ಮನೆಯ ಬ್ಯಾಂಕ್ ಲೆಕ್ಕ ನೋಡುವ ಗಣಕಕ್ಕೆ ಅಪರಿಚಿತರ ಕೈಯ ವ್ಯವಸ್ಥೆಯನ್ನು ಹಾಕುವುದು ಕಳ್ಳನ ಕೈಗೆ ಕೀಲಿ ಕೊಟ್ಟಂತಾದೀತು.

ತೆರೆದಿರುವ ಬಾಗಿಲು

ಹಾಗಾದರೆ 2012ರ ಆ ಗಣಕವನ್ನು ಗುಜರಿಗೆ ಹಾಕಬೇಕೇ? ವಿಂಡೋಸ್ ಕಡೆಯಿಂದಲೂ ಅದಕ್ಕೆ ಬಾಗಿಲು ಮುಚ್ಚಿದೆ. 2021ರಲ್ಲಿ ಬಂದ ವಿಂಡೋಸ್ 11, ಟಿಪಿಎಂ 2.0 ಎಂಬ ಭದ್ರತಾ ಅಂಗವನ್ನೂ ಹೊಸ ತಲೆಮಾರಿನ ಪ್ರೊಸೆಸರನ್ನೂ ಬೇಡುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಯಂತ್ರ ಕೆಟ್ಟಿಲ್ಲ, ಆದರೂ 'ಹಳತು' ಎನಿಸಿಕೊಂಡಿತು.

ಇದರ ಪರಿಣಾಮ ನೆಲ, ನೀರುಗಳ ಮೇಲೂ ಆಗುತ್ತದೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರ ಒಂದೇ ವರ್ಷ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಉಂಟಾಯಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆ ಮಾಡಿದ್ದಾಗಿ ದಾಖಲಾದುದು ಶೇಕಡಾ 22.3 ಮಾತ್ರ. ಹಳೆಯ ಫಲಕಗಳ ಬೆಸುಗೆಯಲ್ಲಿರುವ ಸೀಸದಂತಹ ವಿಷವಸ್ತುಗಳು, ತೆರೆದ ಜಾಗದಲ್ಲಿ ಸುಟ್ಟಾಗ ಅಥವಾ ಎಸೆದಾಗ, ಮಣ್ಣನ್ನೂ ಗಾಳಿಯನ್ನೂ ಸೇರುತ್ತವೆ.

ಈ ಯಂತ್ರಕ್ಕೆ ತೆರೆದಿರುವ ಬಾಗಿಲೊಂದಿದೆ. ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನೆಲ್ ಮತ್ತು ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯ ತಂತ್ರಾಂಶಗಳು ಸೇರಿ ಒಂದು ಮುಕ್ತ ವ್ಯವಸ್ಥೆಯಾಯಿತು. ಅದರ ಪರವಾನಗಿ, 'ಯಾರ ಯಂತ್ರ ಇದು?' ಎಂದು ಕೇಳುವುದಿಲ್ಲ. ಐ5ರ ಎಚ್‌ಡಿ 2500ಕ್ಕೂ ಅದರಲ್ಲಿ ಚಾಲಕವಿದೆ. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿ, ಸ್ಮೃತಿಯನ್ನು 8 ಜಿಬಿಗೆ ಏರಿಸಿದರೆ, ಬರವಣಿಗೆ, ಲೆಕ್ಕ, ಪಾಠದ ಚಲನಚಿತ್ರ, ಪ್ರೋಗ್ರಾಮಿಂಗ್ ಇವೆಲ್ಲಕ್ಕೂ ಆ ಹಳೆಯ ಗಣಕ ಸಾಕು. ಕನ್ನಡದಲ್ಲಿ ಟೈಪ್ ಮಾಡುವ ವ್ಯವಸ್ಥೆಯೂ ಅದರಲ್ಲಿದೆ.

ಇದು ನಿಮಗೆ ಅಪರಿಚಿತವೇನಲ್ಲ. ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ ಮುಂದೆ ಮುಕ್ತ ತಂತ್ರಾಂಶದ ದಾರಿ ಹಿಡಿಯಿತು. 2017ರಿಂದ ಅದು ಕೈಟ್ ಎಂಬ ಸಂಸ್ಥೆಯಾಗಿದೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯ ಪ್ರಯೋಗಾಲಯದಲ್ಲಿ ನೀವು ಬಳಸುವ ಗ್ನೂ ಲಿನಕ್ಸ್ ಆ ದಾರಿಯಲ್ಲೇ ಬಂದುದು.

ಬೀಗ ತೆರೆಯುವ ಜಾಣ್ಮೆಯೂ ವ್ಯರ್ಥವಾಗಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಆಪಲ್ ಬೆಂಬಲ ನಿಲ್ಲಿಸಿದ ಹಳೆಯ ಮ್ಯಾಕ್‌ಗಳಲ್ಲೇ ಹೊಸ ಆವೃತ್ತಿಗಳನ್ನು ನಡೆಸಲು ಅದೇ ಓಪನ್‌ಕೋರ್‌ನ ಆಧಾರದಿಂದ ಒಂದು ಸಾಧನವನ್ನು ಸ್ವಯಂಸೇವಕರು ರೂಪಿಸಿದ್ದಾರೆ. ಅವು ಆಪಲ್ ಹೆಸರಿನ ಯಂತ್ರಗಳೇ ಆದ್ದರಿಂದ ನಾವು ಮೇಲೆ ಕಂಡ ಷರತ್ತು ಅಲ್ಲಿ ಅಡ್ಡ ಬರುವುದಿಲ್ಲ. ಹೀಗೆ ಹತ್ತು ವರ್ಷ ದಾಟಿದ ಕೆಲವು ಮ್ಯಾಕ್‌ಗಳು ಇಂದಿಗೂ ಕೆಲಸಕ್ಕೆ ಬರುತ್ತಿವೆ.

ವಿದ್ಯಾರ್ಥಿಗಳೇ, ಮುಂದೆ ಒಂದು ಹಳೆಯ ಗಣಕ ನಿಮ್ಮ ಕೈಗೆ ಬಂದರೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಇದರ ಯಾವ ಭಾಗ ನಿಜವಾಗಿ ಕೆಟ್ಟಿದೆ? ಇದರಲ್ಲಿ ಯಾವ ವ್ಯವಸ್ಥೆ ನಡೆಯಬಲ್ಲದು? ಅದನ್ನು ನಡೆಸಲು ನನಗೆ ಅನುಮತಿಯಿದೆಯೇ? ಮೊದಲ ಎರಡಕ್ಕೆ ಉತ್ತರ ಹುಡುಕುವಾಗ ನೀವು ತಂತ್ರಜ್ಞಾನ ಕಲಿಯುವಿರಿ. ಮೂರನೆಯದಕ್ಕೆ ಉತ್ತರ ಹುಡುಕಲು ಒಪ್ಪಂದದ ಪುಟವನ್ನು ಓದಬೇಕಾಗುತ್ತದೆ. ಅದನ್ನು ಓದದೆ ಗುಂಡಿ ಒತ್ತಬೇಡಿ.

ಹೊಸ ಪದಗಳು

ಅಜಗಜಾಂತರ – ಆಡಿಗೂ ಆನೆಗೂ ಇರುವಷ್ಟು ಅಂತರ, ಬಹಳ ವ್ಯತ್ಯಾಸ
ಸ್ಮೃತಿ – ನೆನಪು. ಇಲ್ಲಿ, ಗಣಕ ಕೆಲಸ ಮಾಡುವಾಗ ಮಾಹಿತಿಯನ್ನು ಇಟ್ಟುಕೊಳ್ಳುವ ಭಾಗ
ಗೂಢಲಿಪಿ – ಕೀಲಿಯಿಲ್ಲದೆ ಓದಲಾಗದಂತೆ ಬದಲಿಸಿದ ಬರಹ
ಕೃತಿಸ್ವಾಮ್ಯ – ಕೃತಿಯನ್ನು ರಚಿಸಿದವರಿಗೆ ಅದರ ಮೇಲಿರುವ ಹಕ್ಕು
ಗೇಣಿ – ಬೇರೆಯವರ ಭೂಮಿಯನ್ನು ಬಳಸಲು ಕೊಡುವ ಬಾಡಿಗೆ
ಮೂಲಸಂಕೇತ – ತಂತ್ರಾಂಶವನ್ನು ಬರೆದ ಮೂಲರೂಪದ ಸೂಚನೆಗಳು

ಚಟುವಟಿಕೆಗಳು

1. ಗುಂಡಿ ಒತ್ತಿದಲ್ಲಿಂದ ಪರದೆಯ ಮೇಲೆ ಚಿತ್ರ ಮೂಡುವವರೆಗೆ ನಡೆಯುವ ಹಂತಗಳನ್ನು ಕ್ರಮವಾಗಿ ಬರೆಯಿರಿ.
2. ಒಂದೇ ಮಾದರಿಯ ಎರಡು ಪೆಟ್ಟಿಗೆಗಳಲ್ಲಿ ಒಂದರಲ್ಲಿ ಮ್ಯಾಕ್ ಓಎಸ್ ಸರಾಗವಾಗಿ ನಡೆದು, ಇನ್ನೊಂದರಲ್ಲಿ ನಡೆಯದಿರಲು ಕಾರಣವೇನು?
3. 1994, 2005 ಮತ್ತು 2020 ಈ ಮೂರು ವರ್ಷಗಳು ಮ್ಯಾಕ್‌ನ ಚರಿತ್ರೆಯಲ್ಲಿ ಏಕೆ ಮುಖ್ಯ? ಟಿಪ್ಪಣಿ ತಯಾರಿಸಿ.
4. 'ಉಚಿತ' ಮತ್ತು 'ಮುಕ್ತ' ಪದಗಳನ್ನು ಬಳಸಿ ಎರಡೆರಡು ಸ್ವಂತ ವಾಕ್ಯ ರಚಿಸಿ.
5. 'ಕೊಂಡವರಿಗೆ ಬೇಕಾದಂತೆ ಬಳಸುವ ಹಕ್ಕಿರಬೇಕು', 'ತಯಾರಿಸಿದವರು ಷರತ್ತು ಹಾಕುವುದು ನ್ಯಾಯ': ತರಗತಿಯಲ್ಲಿ ಎರಡು ತಂಡಗಳಾಗಿ ಚರ್ಚಿಸಿ. ನಿಮ್ಮ ತೀರ್ಮಾನವನ್ನು ಕಾರಣ ಸಹಿತ ಬರೆಯಿರಿ.
6. ನಿಮ್ಮ ಶಾಲೆಯಲ್ಲಿ ಬಳಕೆಯಲ್ಲಿಲ್ಲದ ಗಣಕಗಳಿದ್ದರೆ ಅಧ್ಯಾಪಕರ ನೆರವಿನಿಂದ ಅವುಗಳ ಪ್ರೊಸೆಸರ್, ಸ್ಮೃತಿ, ಡಿಸ್ಕ್‌ಗಳ ವಿವರ ಪಟ್ಟಿಮಾಡಿ. ಯಾವುದನ್ನು ಮತ್ತೆ ಬಳಸಬಹುದೆಂದು ಒಂದು ವರದಿ ಸಿದ್ಧಪಡಿಸಿ.